ಗುಂಡಿನ ಸದ್ದಿಗೆ ಕೂರುವ ನಾಯಿಗಳು: ಸ್ಕಾಟ್ಲೆಂಡಿನಲ್ಲಿ ಕೆಲವು ದಿನ

ಗುರುವಾರ

ಎಡಿನ್‌ಬರೊದಿಂದ ಪರ್ತ್‌ಗೆ ರೈಲಿನಲ್ಲಿ ಒಂದೂವರೆ ಗಂಟೆಯೂ ಬೇಕಾಗಲಿಲ್ಲ. ಅಕ್ಟೋಬರ್ ಮಧ್ಯ. ಸ್ಟೇಷನ್ನಿಗೆ ಬಂದಿದ್ದ ಅಕ್ಕ ಕಾರು ಹತ್ತುವ ಮೊದಲೇ ಶುರು ಮಾಡಿದಳು. "ಲೋ, ಶನಿವಾರ ಬೇಟೆ ನೋಡೋಕೆ ನಿಜವಾಗ್ಲೂ ಹೋಗ್ತೀಯಾ? ಕೋಳಿ ಅಂಗಡಿ ಮುಂದೆ ಎರಡು ನಿಮಿಷ ನಿಲ್ಲೋಕೆ ಆಗಲ್ಲ ನಿನಗೆ."

ಹೋಗಲೇಬೇಕಿತ್ತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆಯ ಮಾತು ಮುಗಿಯಿತು. ಅದು ಒಳ್ಳೆಯದೇ ಆಯಿತು ಅನ್ನುವವನು ನಾನು. ಆದರೆ ಬೇಟೆಗೆಂದೇ ತಲೆತಲಾಂತರದಿಂದ ಬೆಳೆಸಿದ ನಾಯಿಗಳು ನಮ್ಮ ಅಪಾರ್ಟ್‌ಮೆಂಟುಗಳ ತುಂಬ ಇವೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಕಾಕರ್. ಸೋಫಾ ಮೇಲೆ ಮಲಗಿ ಬಿಸ್ಕತ್ ತಿನ್ನುವ ಇವು ಅಸಲಿಗೆ ಯಾವ ಕೆಲಸಕ್ಕೆ ಹುಟ್ಟಿದವು? ಅದನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನುವ ಆಸೆ ಮೊದಲಿಂದಲೂ ಇತ್ತು.

ಅಕ್ಕನ ಪಕ್ಕದ ಮನೆಯಾಕೆ ನಿವೃತ್ತ ಪ್ರೈಮರಿ ಶಾಲೆ ಟೀಚರ್. ಎಪ್ಪತ್ತರ ಹತ್ತಿರ ಇರಬಹುದು. ಚಳಿಗಾಲ ಪೂರ್ತಿ ಸುತ್ತಲಿನ ಎಸ್ಟೇಟುಗಳಲ್ಲಿ ಪಿಕರ್-ಅಪ್ ಆಗಿ ಕೆಲಸ ಮಾಡುತ್ತಾರೆ. ಅಂದರೆ, ಬೇರೆಯವರು ಹೊಡೆದು ಬೀಳಿಸಿದ ಹಕ್ಕಿಗಳನ್ನು ತಮ್ಮ ನಾಯಿಗಳಿಂದ ಹುಡುಕಿ ತರಿಸುವ ಕೆಲಸ. ಅವರು ಬಂದೂಕು ಮುಟ್ಟುವುದಿಲ್ಲ. ನಾನು ಅವರನ್ನು ಟೀಚರ್ ಅಂತಲೇ ಕರೆದೆ, ಅವರಿಗೂ ಅದು ಖುಷಿಯಾಯಿತು.

ನಾಯಿಗಳು ಮೂರು. ಟೆಸ್, ಕಪ್ಪು ಲ್ಯಾಬ್ರಡಾರ್ ಹೆಣ್ಣು. ಮೋಸ್, ಮೂತಿ ನರೆತ ಅದೇ ಜಾತಿಯ ಮುದುಕ. ಪಿಪ್, ಒಂದು ನಿಮಿಷ ಸುಮ್ನೆ ಇರದ ಕಾಕರ್ ಸ್ಪ್ಯಾನಿಯಲ್. ಟೆಸ್‌ಳನ್ನು ನೋಡಿದರೆ ನಮ್ಮ ಕಡೆಯ ದುಂಡು ಲ್ಯಾಬ್ರಡಾರ್‌ಗಳ ಸಂಬಂಧಿ ಅಂತ ಹೇಳುವುದೇ ಕಷ್ಟ. ಕಿರಿದಾದ ತಲೆ, ಉದ್ದ ಕಾಲು, ಎಣಿಸಬಹುದಾದ ಪಕ್ಕೆಲುಬು. ಶೋಗೆ ಬೆಳೆಸುವ ಸಂತತಿ ಬೇರೆ, ಕೆಲಸಕ್ಕೆ ಬೆಳೆಸುವ ಸಂತತಿ ಬೇರೆ.

ಸಂಜೆ ಹಿಂದಿನ ಹುಲ್ಲುಗಾವಲಲ್ಲಿ ಮೂರನ್ನೂ ಸಾಲಾಗಿ ಕೂರಿಸಿದರು. ಕೈಯಲ್ಲಿ ಕ್ಯಾನ್ವಾಸ್ ಬಟ್ಟೆಯ ಡಮ್ಮಿಗಳು. ಒಂದೊಂದು ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ. ಒಂದನ್ನು ಎಡಕ್ಕೆ ಎಸೆದರು, ಒಂದನ್ನು ಬಲಕ್ಕೆ, ಇನ್ನೊಂದನ್ನು ಪಿಪ್‌ನ ತಲೆ ಮೇಲಿಂದಲೇ. ಮೂರರಲ್ಲಿ ಒಂದೂ ಏಳಲಿಲ್ಲ. ಪಿಪ್‌ನ ಹಿಂಭಾಗ ಮಾತ್ರ ಹುಲ್ಲಿನ ಮೇಲೆ ಅತ್ತಿತ್ತ ಒರೆಸಾಡುತ್ತಿತ್ತು. ಆಮೇಲೆ ಟೀಚರ್ ತಾವೇ ನಡೆದುಹೋಗಿ ಎರಡು ಡಮ್ಮಿ ಎತ್ತಿಕೊಂಡು ಬಂದರು. ಉಳಿದ ಒಂದಕ್ಕೆ ಮೋಸ್‌ನ ಹೆಸರು ಕರೆದರು. ಮೋಸ್ ಹೋಯಿತು, ಉಳಿದೆರಡು ಅಲ್ಲೇ ಕೂತಿದ್ದವು.

"ನಾಯಿ ಇರೋವಾಗ ನೀವ್ಯಾಕೆ ಹೋಗಿ ತಂದಿರಿ?" ಅಂತ ಕೇಳಿದೆ.

"ಬಿದ್ದದ್ದೆಲ್ಲ ತನ್ನದೇ ಅಂತ ಅದಕ್ಕೆ ಅನ್ನಿಸಬಾರದು. ಎತ್ತಿ ತರೋದು ರಕ್ತದಲ್ಲೇ ಬಂದಿರುತ್ತೆ. ಕೂತಿರೋದನ್ನ ಮಾತ್ರ ನಾವು ಕಲಿಸಬೇಕು. ವರ್ಷಗಟ್ಟಲೆ."

ಅವರ ಕೊರಳಲ್ಲಿ ಎರಡು ವಿಸಿಲ್ ನೇತಾಡುತ್ತಿದ್ದವು. ಬರ್ಮಿಂಗ್‌ಹ್ಯಾಮ್‌ನ ಏಕ್ಮಿ ಕಂಪನಿಯವು. ಲ್ಯಾಬ್‌ಗಳಿಗೆ 211.5 ನಂಬರಿನದು, ಕಾಕರ್‌ಗೆ 210.5. ಆ ನಂಬರಿನ ಯಾವ ವಿಸಿಲ್ ಊದಿದರೂ ಸ್ವರ ಒಂದೇ. ಕಾಡಿನಲ್ಲಿ ಕಳೆದುಹೋದರೆ ಅದೇ ನಂಬರಿನದು ಇನ್ನೊಂದು ಕೊಂಡರಾಯಿತು, ನಾಯಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಒಂದು ಉದ್ದ ಊದಿದರೆ ಎಲ್ಲಿದ್ದರೂ ಕೂತು ತಿರುಗಿ ನೋಡಬೇಕು. ಚಿಕ್ಕಚಿಕ್ಕದಾಗಿ ಊದಿದರೆ ವಾಪಸ್ ಬರಬೇಕು. ಕೂತ ಮೇಲೆ ಎಡಕ್ಕೋ ಬಲಕ್ಕೋ ಇನ್ನೂ ಹಿಂದಕ್ಕೋ ಅನ್ನುವುದನ್ನು ಕೈ ತೋರಿಸುತ್ತದೆ. ನಾಯಿ ಕಾಣದ ಹಕ್ಕಿಯ ಹತ್ತಿರಕ್ಕೆ ಅದನ್ನು ನಡೆಸುವುದು ಇಷ್ಟರಲ್ಲೇ.

ಶುಕ್ರವಾರ

ಪಿಟ್ಲಾಕ್ರಿಯಿಂದ ಉತ್ತರಕ್ಕೆ ಹೆದರ್ ಅನ್ನುವ ಕುರುಚಲು ಗಿಡ ತುಂಬಿದ ಬೆಟ್ಟ. ಮಂಡಿಯುದ್ದದ ಪೊದೆ, ಕೆಳಗೆ ಕೆಸರು, ಮೇಲೆ ಗಾಳಿ. ಮರ ಅನ್ನುವುದೇ ಇಲ್ಲ. ಇಲ್ಲಿಯ ಹಕ್ಕಿ ಕೆಂಪು ಗ್ರೌಸ್. ಬ್ರಿಟನ್ ಮತ್ತು ಐರ್ಲೆಂಡ್ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಇರದ ಹಕ್ಕಿ. ಇದರ ಸೀಸನ್ ಆಗಸ್ಟ್ 12ಕ್ಕೆ ಶುರುವಾಗಿ ಡಿಸೆಂಬರ್ 10ಕ್ಕೆ ಮುಗಿಯುತ್ತದೆ.

ಟೀಚರ್‌ಗೆ ಗೊತ್ತಿದ್ದ ಒಬ್ಬರು ಅಲ್ಲಿಗೆ ಎರಡು ನಾಯಿ ತಂದಿದ್ದರು. ಒಂದು ಬಿಳಿ ಮೈಯಲ್ಲಿ ಕಂದು ಮಚ್ಚೆಯ ಪಾಯಿಂಟರ್. ಇನ್ನೊಂದು ಕಪ್ಪು-ಕಂದು ಬಣ್ಣದ ಗಾರ್ಡನ್ ಸೆಟರ್, ಇದೇ ಸ್ಕಾಟ್ಲೆಂಡಿನ ಗಾರ್ಡನ್ ಡ್ಯೂಕ್‌ಗಳ ಹೆಸರು ಹೊತ್ತ ಜಾತಿ. ಬಂದೂಕು ಹಿಡಿದವರು ಇಬ್ಬರೇ.

ಈ ನಾಯಿಗಳ ಕೆಲಸ ಹಕ್ಕಿ ತರುವುದಲ್ಲ, ಹಕ್ಕಿ ಎಲ್ಲಿದೆ ಅಂತ ತೋರಿಸುವುದು. ಗಾಳಿಗೆ ಎದುರಾಗಿ ಬಿಟ್ಟರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಇಡೀ ಬೆಟ್ಟವನ್ನು ಅಡ್ಡಡ್ಡ ಕೊಯ್ದ ಹಾಗೆ ಓಡುತ್ತವೆ. ತಲೆ ಎತ್ತಿಯೇ ಇರುತ್ತದೆ. ನೆಲದ ವಾಸನೆ ಇವುಗಳಿಗೆ ಬೇಡ, ಗಾಳಿಯಲ್ಲಿ ತೇಲಿ ಬರುವುದಷ್ಟೇ ಸಾಕು. ನಮ್ಮ ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ, ಕಂಡದ್ದನ್ನು ಬೆನ್ನಟ್ಟುತ್ತದೆ. ಇಲ್ಲಿ ಕಾಣುವುದಕ್ಕೆ ಏನೂ ಇಲ್ಲ.

ಪಾಯಿಂಟರ್ ಪೂರ್ತಿ ವೇಗದಲ್ಲಿ ಓಡುತ್ತಿದ್ದದ್ದು ಒಮ್ಮೆಲೇ ನಿಂತಿತು. ಓಟದ ನಡುವೆ ಮೈ ತಿರುಚಿಕೊಂಡೇ ನಿಂತುಬಿಟ್ಟಿತು. ಮುಂಗಾಲು ಒಂದು ಎತ್ತಿದ್ದು ಹಾಗೇ ಉಳಿಯಿತು. ಬಾಲ ಬಿಗಿ. ನಾನು ಹತ್ತಿರ ಹೋದಾಗ ಅದರ ಮೂಗಿನ ಹೊಳ್ಳೆ ಮಾತ್ರ ಆಡುತ್ತಿತ್ತು. ತುಟಿಯ ಅಂಚು ಸಣ್ಣಗೆ ನಡುಗುತ್ತಿತ್ತು, ಜೊಲ್ಲಿನ ಎಳೆ ಗಾಳಿಗೆ ಪಕ್ಕಕ್ಕೆ ಹಾರುತ್ತಿತ್ತು. ಇತ್ತ ಸೆಟರ್‌ಗೆ ಹಕ್ಕಿಯ ವಾಸನೆಯೇ ಬಂದಿರಲಿಲ್ಲ. ಜೊತೆಗಾರ ನಿಂತದ್ದನ್ನು ನೋಡಿ ದೂರದಲ್ಲೇ ಅದೂ ನಿಂತಿತು. ಇದಕ್ಕೆ ಬ್ಯಾಕಿಂಗ್ ಅನ್ನುತ್ತಾರೆ. ನುಗ್ಗಿ ಬಂದು ಇನ್ನೊಬ್ಬರ ಕೆಲಸ ಕೆಡಿಸಬಾರದು.

ಇಬ್ಬರು ಬಂದೂಕಿನವರು ಎರಡೂ ಪಕ್ಕಕ್ಕೆ ಬಂದು ನಿಂತರು. ಯಜಮಾನರು ಮೆಲ್ಲಗೆ ಏನೋ ಹೇಳಿದರು. ಪಾಯಿಂಟರ್ ಒಂದೊಂದೇ ಹೆಜ್ಜೆ ಮುಂದಿಟ್ಟಿತು. ಹೆದರ್ ಸಿಡಿದಂತಾಗಿ ಗ್ರೌಸ್‌ಗಳು ಎದ್ದವು. ಎರಡು ಗುಂಡು. ಹಕ್ಕಿ ಎದ್ದ ಕ್ಷಣಕ್ಕೇ ನಾಯಿ ನೆಲಕ್ಕೆ ಅಂಟಿಕೊಂಡು ಮಲಗಿತ್ತು. ಮೂಗಿನ ಮುಂದೆಯೇ ಹಾರಿದರೂ ಬೆನ್ನಟ್ಟುವ ಹಾಗಿಲ್ಲ. ಸತ್ತ ಹಕ್ಕಿಯನ್ನು ಹುಡುಕಿ ತಂದದ್ದು ಹಿಂದೆ ಕೂತಿದ್ದ ಟೆಸ್.

ಬಂದೂಕು ಬರುವ ಮೊದಲೂ ಸೆಟರ್‌ಗಳ ಪೂರ್ವಜರು ಈ ಕೆಲಸ ಮಾಡುತ್ತಿದ್ದವು. ಹಕ್ಕಿ ಕಂಡಲ್ಲಿ ನಾಯಿ ನೆಲಕ್ಕೆ ಕುಗ್ಗುತ್ತಿತ್ತು, ಜನ ಬಲೆ ಎಳೆದು ಹಕ್ಕಿಗಳ ಮೇಲೆ ಹಾಕುತ್ತಿದ್ದರು. ಕೆಲವೊಮ್ಮೆ ನಾಯಿಯೂ ಬಲೆಯೊಳಗೆ.

ಮಧ್ಯಾಹ್ನದ ಹೊತ್ತಿಗೆ ಸಿಕ್ಕಿದ್ದು ಅಷ್ಟಕ್ಕಷ್ಟೇ. ಅಕ್ಟೋಬರ್ ಬಂತೆಂದರೆ ಗ್ರೌಸ್‌ಗಳು ಗುಂಪು ಕಟ್ಟುತ್ತವೆ, ಹುಷಾರಾಗುತ್ತವೆ, ನಾಯಿ ಹತ್ತಿರ ಬರುವ ಮೊದಲೇ ದೂರದಲ್ಲಿ ಎದ್ದುಹೋಗುತ್ತವೆ. ಆಗಸ್ಟ್‌ನ ಮರಿಹಕ್ಕಿಗಳ ಹಾಗೆ ಕೂತಿರುವುದಿಲ್ಲ. ಆದರೂ ಯಾರಿಗೂ ಬೇಜಾರಿರಲಿಲ್ಲ. ಜುಲೈನಲ್ಲಿ ಇದೇ ನಾಯಿಗಳನ್ನು ಬಂದೂಕಿಲ್ಲದೆ ಬೆಟ್ಟದ ಮೇಲೆ ಓಡಿಸಿ ಹಕ್ಕಿ ಎಣಿಸುತ್ತಾರಂತೆ. ದೊಡ್ಡವು ಎಷ್ಟು, ಆ ವರ್ಷದ ಮರಿ ಎಷ್ಟು ಅಂತ ಲೆಕ್ಕ. ಗೇಮ್ ಅಂಡ್ ವೈಲ್ಡ್‌ಲೈಫ್ ಕನ್ಸರ್ವೇಶನ್ ಟ್ರಸ್ಟ್ ಕೂಡ ಹೀಗೇ ಎಣಿಸುತ್ತದೆ. ಎಣಿಕೆ ಕಮ್ಮಿ ಬಂದ ವರ್ಷ ಎಷ್ಟೋ ಬೆಟ್ಟಗಳಲ್ಲಿ ಬೇಟೆಯೇ ನಡೆಯುವುದಿಲ್ಲ. ನನ್ನನ್ನು ಕೇಳಿದರೆ ಪಾಯಿಂಟರ್ ಕೆಲಸ ನೋಡುವುದಕ್ಕೆ ಆ ಜುಲೈ ದಿನಗಳೇ ಚೆಂದ.

ಶನಿವಾರ

ಇವತ್ತಿನದು ಬೇರೆಯೇ ಲೋಕ. ಎಸ್ಟೇಟಿನ ಅಂಗಳದಲ್ಲಿ ಬೆಳಗ್ಗೆಯೇ ಕಾರುಗಳ ಸಾಲು. ಟೈ ಕಟ್ಟಿ ಟ್ವೀಡ್ ತೊಟ್ಟವರು ಒಂದು ಕಡೆ, ಮಳೆಕೋಟು ಹಾಕಿ ಕೋಲು ಹಿಡಿದವರು ಇನ್ನೊಂದು ಕಡೆ. ಟ್ವೀಡಿನವರು ಗನ್‌ಗಳು. ಬಂದೂಕು ಹಿಡಿದ ಮನುಷ್ಯನನ್ನೂ ಇಲ್ಲಿ ಹಾಗೇ ಕರೆಯುತ್ತಾರೆ. ಕೋಲಿನವರು ಬೀಟರ್‌ಗಳು. ಗನ್‌ಗಳು ದುಡ್ಡು ಕೊಟ್ಟು ಬಂದವರು, ಬೀಟರ್‌ಗಳು ದಿನಗೂಲಿಗೆ ಬಂದವರು. ಇಬ್ಬರ ನಡುವೆ ನಾಯಿಗಳು ಮಾತ್ರ ಯಾವ ಭೇದವೂ ಇಲ್ಲದೆ ಒಂದನ್ನೊಂದು ಮೂಸುತ್ತಿದ್ದವು.

ಇಂದಿನ ಹಕ್ಕಿ ಫೆಸೆಂಟ್, ಉದ್ದ ಬಾಲದ ದೊಡ್ಡ ಹಕ್ಕಿ. ಸೀಸನ್ ಅಕ್ಟೋಬರ್ 1ರಿಂದ ಫೆಬ್ರವರಿ 1ರವರೆಗೆ. ಗ್ರೌಸ್ ಹಾಗೆ ತಾನಾಗಿ ಬೆಳೆದದ್ದಲ್ಲ, ಹೆಚ್ಚಿನವು ಸಾಕಿ ಬೇಸಿಗೆಯಲ್ಲಿ ಕಾಡಿಗೆ ಬಿಟ್ಟವು. ಹೊಡೆಯುವುದಕ್ಕೆಂದೇ ಸಾಕುವುದು ನನಗೆ ಒಳಗೆ ಇಳಿಯಲಿಲ್ಲ. ಟೀಚರ್ ಹತ್ತಿರವೂ ಹೇಳಿದೆ. "ನೀನೊಬ್ಬನೇ ಅಲ್ಲ, ಈ ದೇಶದಲ್ಲೂ ಅದರ ಜಗಳ ಇದ್ದೇ ಇದೆ" ಅಂದರು. ಅಷ್ಟೇ. ವಾದ ಮಾಡಲಿಲ್ಲ.

ಗನ್‌ಗಳು ಚೀಟಿ ಎತ್ತಿ ಪೆಗ್ ನಂಬರ್ ತೆಗೆದುಕೊಂಡರು. ಪೆಗ್ ಅಂದರೆ ನಿಲ್ಲುವ ಜಾಗಕ್ಕೆ ನೆಟ್ಟ ಗೂಟ. ಒಂದೊಂದು ಡ್ರೈವ್, ಅಂದರೆ ಹಕ್ಕಿಗಳನ್ನು ಗನ್‌ಗಳ ಕಡೆಗೆ ಓಡಿಸುವ ಒಂದೊಂದು ಸುತ್ತು, ಮುಗಿದಾಗಲೂ ಎರಡೆರಡು ಗೂಟ ಮುಂದೆ ಸರಿಯುತ್ತಾರೆ, ಒಳ್ಳೆಯ ಜಾಗ ಒಬ್ಬರಿಗೇ ಸಿಗದಿರಲಿ ಅಂತ.

ಮೊದಲ ಡ್ರೈವ್‌ಗೆ ನನ್ನನ್ನು ಬೀಟರ್‌ಗಳ ಸಾಲಿಗೆ ಹಾಕಿದರು. ಪಕ್ಕದಲ್ಲಿ ಒಬ್ಬ ನಿವೃತ್ತ ಬಸ್ ಡ್ರೈವರ್, ಅವರ ಎರಡು ಸ್ಪ್ರಿಂಗರ್ ಸ್ಪ್ಯಾನಿಯಲ್. ಕಾಡಿನ ಒಂದು ತುದಿಯಿಂದ ಸಾಲಾಗಿ ಕೋಲು ಬಡಿಯುತ್ತ ನಡೆಯಬೇಕು. ಹಕ್ಕಿಗಳು ಮುಂದೆ ಓಡಿ, ಅಂಚು ತಲುಪಿ, ಎದ್ದು ಗನ್‌ಗಳ ತಲೆ ಮೇಲೆ ಹಾರಬೇಕು. ಮನುಷ್ಯ ನುಗ್ಗಲಾರದ ಮುಳ್ಳುಪೊದೆಗಳಲ್ಲಿ ಬಚ್ಚಿಟ್ಟುಕೊಂಡವನ್ನು ಎಬ್ಬಿಸುವುದು ಸ್ಪ್ಯಾನಿಯಲ್ ಕೆಲಸ. ಅವುಗಳ ಹುಮ್ಮಸ್ಸು ನೋಡಬೇಕು! ಮುಳ್ಳು ಅನ್ನುವ ಲೆಕ್ಕವೇ ಇಲ್ಲ. ಕಿವಿಯ ಅಂಚಿನಲ್ಲಿ ರಕ್ತ, ಬಾಲ ಮಾತ್ರ ನಿಲ್ಲದೆ ಆಡುತ್ತದೆ. ಆದರೆ ಹತ್ತು-ಹದಿನೈದು ಮೀಟರ್ ದಾಟಿ ಹೋಗುವ ಹಾಗಿಲ್ಲ. ದಾಟಿದರೆ ದೂರದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದು ಡ್ರೈವ್ ಹಾಳು.

ಕಾಡಿನ ಅಂಚಿನ ಹತ್ತಿರ ಒಂದೇ ಸಲಕ್ಕೆ ಸುಮಾರು ಹಕ್ಕಿ ಎದ್ದವು. ಕೀಪರ್, ಅಂದರೆ ಎಸ್ಟೇಟಿನ ಹಕ್ಕಿಗಳನ್ನು ನೋಡಿಕೊಳ್ಳುವವರು, ರೇಡಿಯೊದಲ್ಲಿ ಸಾಲು ನಿಲ್ಲಿಸಿದರು. ಬಸ್ ಡ್ರೈವರ್ ಒಂದೇ ಒಂದು ಸಲ ವಿಸಿಲ್ ಊದಿದರು. ಎರಡೂ ಸ್ಪ್ರಿಂಗರ್‌ಗಳು ಇದ್ದಲ್ಲೇ ಕೂತವು. ಒಂದರ ಮುಂದೆ, ಕೈಗೆಟುಕುವಷ್ಟು ಹತ್ತಿರ, ಒಂದು ಹೆಣ್ಣು ಫೆಸೆಂಟ್ ಜರಿಗಿಡದಡಿ ಅವುಚಿಕೊಂಡು ಕೂತಿತ್ತು. ನಾಯಿಯೂ ಹಕ್ಕಿಯೂ ಒಂದನ್ನೊಂದು ನೋಡುತ್ತಿದ್ದವು. ನಾಯಿ ನಡುಗುತ್ತಿತ್ತು, ಏಳಲಿಲ್ಲ. ಕೀಪರ್ ಮತ್ತೆ ನಡೆಯಿರಿ ಅಂದಮೇಲೆ ಹಕ್ಕಿ ಎದ್ದು ಗನ್‌ಗಳ ಕಡೆಗಲ್ಲ, ನಮ್ಮ ತಲೆ ಮೇಲೆಯೇ ಹಿಂದಕ್ಕೆ ಹಾರಿ ಬಚಾವಾಯಿತು. ನನಗೆ ಒಳಗೊಳಗೇ ಸಂತೋಷ.

ಆಮೇಲೆ ಟೀಚರ್ ಜೊತೆ. ಪಿಕರ್-ಅಪ್‌ಗಳು ನಿಲ್ಲುವುದು ಗನ್‌ಗಳಿಗಿಂತ ಬಹಳ ಹಿಂದೆ, ಇನ್ನೂರು-ಮುನ್ನೂರು ಮೀಟರ್ ದೂರದಲ್ಲಿ. ಗೂಟದ ಪಕ್ಕ ಸತ್ತು ಬಿದ್ದವನ್ನು ಗನ್‌ಗಳ ಸ್ವಂತ ನಾಯಿಗಳೋ ಯಾರಾದರೂ ಕೈಯಿಂದಲೋ ಎತ್ತಿಕೊಳ್ಳುತ್ತಾರೆ. ಗಾಯವಾಗಿ ಹಿಂದಕ್ಕೆ ತೇಲಿ ಬಂದು ಇಳಿದು ಓಡುವ ಹಕ್ಕಿಯೇ ಇವರ ಪಾಲಿನದು. ಅದಕ್ಕೆ ರನ್ನರ್ ಅನ್ನುತ್ತಾರೆ. ಸತ್ತದ್ದು ಎಲ್ಲಿಗೂ ಹೋಗುವುದಿಲ್ಲ, ಕಾಯಬಹುದು. ರನ್ನರ್ ಮೊದಲು. ನರಳುವ ಹಕ್ಕಿಯನ್ನು ಬೇಗ ಹಿಡಿದು ಮುಗಿಸಬೇಕು, ಈ ಆಟದಲ್ಲಿ ದಯೆ ಅನ್ನುವುದು ಇದ್ದರೆ ಅದು ಇಲ್ಲೇ ಇದೆ ಅಂತ ನನಗನ್ನಿಸಿತು.

ಒಂದು ಗಂಡು ಫೆಸೆಂಟ್ ರೆಕ್ಕೆಗೆ ಏಟು ಬಿದ್ದು ನಮ್ಮ ಎಡಕ್ಕೆ, ಕೂಳೆ ಹೊಲದ ಅಂಚಿಗೆ ಇಳಿಯಿತು. ಇಳಿದದ್ದೇ ಓಡಿತು. ಟೀಚರ್ ಟೆಸ್‌ಳನ್ನು ಬಿಟ್ಟರು. ಅವಳು ಬಿದ್ದ ಜಾಗದಲ್ಲಿ ಒಂದು ಸುತ್ತು ಹಾಕಿ, ಮೂಗು ನೆಲಕ್ಕಿಟ್ಟು, ಹಕ್ಕಿ ಓಡಿದ್ದು ಅಂತ ನಾವು ಅಂದುಕೊಂಡ ದಿಕ್ಕಿಗೆ ಪೂರ್ತಿ ವಿರುದ್ಧ ಹೊರಟಳು. ಹಿಂದಿನ ಸಾಲಿನ ಒಬ್ಬ ಗನ್ "ಆ ಕಡೆ ಅಲ್ಲ, ಪೊದೆ ಕಡೆ!" ಅಂತ ಕೂಗಿದ. ಟೀಚರ್ ಕೈ ವಿಸಿಲ್ ಮುಟ್ಟಲಿಲ್ಲ. ಟೆಸ್ ಹಳ್ಳ ದಾಟಿ, ಕಲ್ಲುಗೋಡೆ ಹಾರಿ, ಕಣ್ಮರೆಯಾದಳು.

"ವಿಸಿಲ್ ಊದಿದರೆ ತಲೆ ಎತ್ತುತ್ತಾಳೆ. ತಲೆ ಎತ್ತಿದರೆ ವಾಸನೆಯ ಎಳೆ ತಪ್ಪುತ್ತೆ" ಅಂದರು ಮೆಲ್ಲಗೆ. ನಿನ್ನೆ ಮೊನ್ನೆ ನೋಡಿದ ಕೈಸನ್ನೆ, ಊದುವಿಕೆ ಎಲ್ಲ ಕಾಣದ ಸತ್ತ ಹಕ್ಕಿಗೆ. ಓಡುವ ಹಕ್ಕಿಯ ವಿಷಯದಲ್ಲಿ ಮನುಷ್ಯನ ಕೆಲಸ ಬಾಯಿ ಮುಚ್ಚಿಕೊಂಡಿರುವುದು. ಅವರೂ ಕೂತಿರುವುದನ್ನು ಕಲಿತವರೇ, ಅಲ್ವಾ?

ಡ್ರೈವ್ ಮುಗಿದ ಹಾರ್ನ್ ಆಯಿತು. ಇತರ ಪಿಕರ್-ಅಪ್‌ಗಳು ಹಕ್ಕಿ ಎತ್ತಿಕೊಂಡು ಹೊರಟರು. ಆಮೇಲೆ ಗೋಡೆಯ ಮೇಲೆ ಕಪ್ಪು ತಲೆ ಕಂಡಿತು. ಬಾಯಲ್ಲಿ ಹಕ್ಕಿ, ಜೀವಂತ. ಟೆಸ್ ಬಂದು ಟೀಚರ್ ಮುಂದೆ ತಲೆ ಎತ್ತಿ ನಿಂತಳು. ಫೆಸೆಂಟ್‌ನ ಕಣ್ಣು ಮಿಟುಕುತ್ತಿತ್ತು. ಎದೆಯ ತಾಮ್ರಬಣ್ಣದ ಗರಿ ಜೊಲ್ಲಿಗೆ ಒದ್ದೆಯಾಗಿತ್ತು, ಒಂದೂ ಕಿತ್ತುಬಂದಿರಲಿಲ್ಲ. ಟೀಚರ್ ಕೈಗೆ ತೆಗೆದುಕೊಂಡು ಕತ್ತು ಮುರಿದರು. ಒಂದು ಸೆಕೆಂಡ್. ಅಷ್ಟರಲ್ಲಿ ನಾನು ಮರ ನೋಡುತ್ತಿದ್ದೆ.

ಆಮೇಲೆ ನನ್ನ ಹೆಬ್ಬೆರಳು ಹಿಡಿದು ಹಕ್ಕಿಯ ಪಕ್ಕೆಯ ಮೇಲೆ ಇಟ್ಟರು. "ಒತ್ತು." ಎರಡೂ ಕಡೆ ಪಕ್ಕೆಲುಬು ಗಟ್ಟಿಯಾಗಿ ಉಬ್ಬಿಕೊಂಡಿದ್ದವು. ನಾಯಿ ಕಚ್ಚಿ ಹಿಡಿದಿದ್ದರೆ ಅಲ್ಲಿ ಕುಸಿದಿರುತ್ತಿತ್ತು. ಫೀಲ್ಡ್ ಟ್ರಯಲ್ ಸ್ಪರ್ಧೆಗಳಲ್ಲಿ ಜಡ್ಜ್‌ಗಳು ಹೀಗೇ ಮುಟ್ಟಿ ನೋಡುತ್ತಾರೆ. ಪಕ್ಕೆ ಪುಡಿಯಾಗಿದ್ದರೆ ನಾಯಿ ಹೊರಗೆ. ಕುಂಯ್‌ಗುಟ್ಟಿದರೂ ಹೊರಗೆ.

ಸ್ಪರ್ಧೆಯಾಗಿದ್ದರೆ ಕೊನೆಯ ಡ್ರೈವ್‌ನ ಒಂದು ಹಳದಿ ಲ್ಯಾಬ್ರಡಾರ್ ಅಲ್ಲಿಂದಲೇ ಮನೆಗೆ ಹೋಗಿರುತ್ತಿತ್ತು. ಅದರ ಯಜಮಾನ ಅದನ್ನು ನೆಲಕ್ಕೆ ತಿರುಪಿ ನೆಟ್ಟ ಕಬ್ಬಿಣದ ಗೂಟಕ್ಕೆ ಕಟ್ಟಿದ್ದ. ಮೊದಲ ಹಕ್ಕಿ ಬಿದ್ದದ್ದೇ ತಡ, ಗೂಟ ಸಮೇತ ಓಡಿ, ಪಕ್ಕದವನ ಹಕ್ಕಿ ಎತ್ತಿಕೊಂಡು, ಮೂರನೆಯವನ ಕಾಲ ಬುಡದಲ್ಲಿ ಇಟ್ಟು ಬಾಲ ಅಲ್ಲಾಡಿಸಿತು. ಬೀಟರ್‌ಗಳೆಲ್ಲ ಆ ಕಡೆ ತಿರುಗಿ ನಿಂತು ನಕ್ಕರು.

ಪಿಪ್‌ನ ಸರದಿ ಬಂದದ್ದು ಸಂಜೆ. ಎರಡು ಲ್ಯಾಬ್‌ಗಳು ಹುಡುಕಿ ಕೈಬಿಟ್ಟ ಮುಳ್ಳುಪೊದೆಯ ಕೆಳಗೆ ಅದು ಹೊಟ್ಟೆ ಎಳೆದುಕೊಂಡು ನುಗ್ಗಿ, ತನ್ನಷ್ಟೇ ಉದ್ದದ ಫೆಸೆಂಟನ್ನು ಎಳೆದು ತಂದಿತು. ಬೇರೆ ನಾಯಿ ಸೋತಲ್ಲಿ ಗೆಲ್ಲುವುದಕ್ಕೆ ಇಲ್ಲಿ ಐ ವೈಪ್ ಅನ್ನುತ್ತಾರೆ. ಸೋತದ್ದರಲ್ಲಿ ಒಂದು ಮನೆಯದೇ ಆದ ಮೋಸ್. ಮುದುಕನಿಗೆ ಅದೇನೂ ಅವಮಾನವಾದ ಹಾಗೆ ಕಾಣಲಿಲ್ಲ.

ಮನೆಗೆ ಬಂದಮೇಲೆ ಟೀಚರ್ ಮೊದಲು ನಾಯಿಗಳನ್ನು ಒರೆಸಿದರು. ಬೆರಳ ಸಂದು, ಕಿವಿ, ಕಣ್ಣಿನ ಮೂಲೆ ನೋಡಿದರು, ಮುಳ್ಳು ಕಿತ್ತರು. ಊಟ ಮಾತ್ರ ತಕ್ಷಣ ಹಾಕಲಿಲ್ಲ. ಜೋರು ಕೆಲಸದ ಹಿಂದೆಮುಂದೆ ಹೊಟ್ಟೆ ತುಂಬಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಭಯ. ಹಾಗಾದರೆ ನಾಯಿ ಗಂಟೆಗಳಲ್ಲಿ ಸಾಯಬಹುದು.

ಭಾನುವಾರ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಭಾನುವಾರ ಫೆಸೆಂಟ್, ಗ್ರೌಸ್ ಹೊಡೆಯುವುದಕ್ಕೆ ಕಾನೂನೇ ಬಿಡುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಆ ಕಾನೂನಿಲ್ಲ, ಆದರೂ ಹೊಡೆಯುವುದಿಲ್ಲ. ನಾಯಿಗಳಿಗೆ ರಜೆ. ನಾನೂ ಅಕ್ಕನೂ ಎ9 ಹೆದ್ದಾರಿ ಹಿಡಿದು ಇನ್ವರ್ನೆಸ್, ಅಲ್ಲಿಂದ ನೆಸ್ ಸರೋವರದ ಪಕ್ಕದಲ್ಲೇ ಡ್ರಮ್ನಡ್ರಾಕಿಟ್, ಕ್ಯಾನಿಕ್, ಕೊನೆಗೆ ಟಾಮಿಕ್ ಅನ್ನುವ ಪುಟ್ಟ ಹಳ್ಳಿ ತಲುಪಿದೆವು. ಬರ್ಚ್ ಮರಗಳೆಲ್ಲ ಹಳದಿ.

ಟಾಮಿಕ್‌ನಲ್ಲಿ ಗೋಲ್ಡನ್ ರಿಟ್ರೀವರ್‌ನ ಪ್ರತಿಮೆ ಇದೆ, 2014ರಲ್ಲಿ ನಿಲ್ಲಿಸಿದ್ದು. ಸ್ವಲ್ಪ ಮೇಲೆ ಗೀಸಚನ್ ಬಂಗಲೆಯ ಪಾಳು. ಚಾವಣಿ 1939ರಲ್ಲೇ ಹೋಯಿತು, ಈಗ ಗೋಡೆಗಳಷ್ಟೇ. ಒಳಗೆ ಕಾಲಿಡುವುದು ಅಪಾಯ. ಇಲ್ಲಿದ್ದ ಡಡ್ಲಿ ಮಾರ್ಜೊರಿಬ್ಯಾಂಕ್ಸ್, ಆಮೇಲೆ ಟ್ವೀಡ್‌ಮೌತ್ ಪ್ರಭು ಆದವನು, 1865ರಲ್ಲಿ ಬ್ರೈಟನ್‌ನಿಂದ ನೌಸ್ ಅನ್ನುವ ಹಳದಿ ನಾಯಿ ತಂದ. ಬೆಲ್ ಅನ್ನುವ ಟ್ವೀಡ್ ವಾಟರ್ ಸ್ಪ್ಯಾನಿಯಲ್ ಜೊತೆ ಕೂಡಿಸಿದ. 1868ರಲ್ಲಿ ಹಳದಿ ಮರಿಗಳು ಹುಟ್ಟಿದವು. ಅವುಗಳಲ್ಲಿ ಮೂರಕ್ಕೆ ಹೂವಿನ ಹೆಸರು: ಕ್ರೋಕಸ್, ಕೌಸ್ಲಿಪ್, ಪ್ರಿಮ್‌ರೋಸ್. ಜಗತ್ತಿನ ಗೋಲ್ಡನ್‌ಗಳ ವಂಶ ಶುರುವಾದದ್ದು ಇಲ್ಲಿಂದ. ರಷ್ಯಾದ ಸರ್ಕಸ್ ನಾಯಿಗಳಿಂದ ಬಂದವು ಅನ್ನುವ ಕಥೆಯನ್ನು ಜನ ಬಹಳ ವರ್ಷ ನಂಬಿದ್ದರು. 1952ರಲ್ಲಿ ಮಾರ್ಜೊರಿಬ್ಯಾಂಕ್ಸ್‌ನ ಕೆನಲ್ ದಾಖಲೆಯ ವಿವರ ಅಚ್ಚಾದ ಮೇಲೆ ಆ ಕಥೆ ಬಿದ್ದುಹೋಯಿತು.

ಆ ಕಾಲದಲ್ಲೇ ಯಾಕೆ ಅಂದರೆ ಉತ್ತರ ಬಂದೂಕಿನಲ್ಲಿದೆ. ಮೊದಲೆಲ್ಲ ನಳಿಗೆಯ ಬಾಯಿಯಿಂದ ಮದ್ದು ತುಂಬಬೇಕಿತ್ತು. ಪಾಯಿಂಟರ್ ಹಿಂದೆ ನಡೆದು ಒಂದೆರಡು ಹಕ್ಕಿ ಹೊಡೆದರೆ ಮುಗಿಯಿತು. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಷೊ ಬಂದೂಕು ಬಂತು. ಮಡಚಿ, ಹಿಂದಿನಿಂದ ಕಾಡತೂಸು ತುಂಬುವಂಥದ್ದು. ಅದು ಬಳಕೆಗೆ ಬಂದಹಾಗೆ ಹೊಡೆಯುವ ವೇಗ ಏರಿತು, ಹಕ್ಕಿಗಳನ್ನು ತಲೆ ಮೇಲೆ ಓಡಿಸುವ ಡ್ರೈವ್ ಬೇಟೆ ಜಾಸ್ತಿಯಾಯಿತು. ಬೀಳುವ ಹಕ್ಕಿ ಹೆಚ್ಚಿದಾಗ ಹುಡುಕಿ ತರುವ ನಾಯಿಗೆ ಬೆಲೆ ಬಂತು. ಪಾಯಿಂಟರ್ ಬೆಟ್ಟಕ್ಕೆ ಸರಿಯಿತು. ಶುಕ್ರವಾರ ನಾನು ನೋಡಿದ್ದು ಹಳೆಯ ಬೇಟೆ, ಶನಿವಾರದ್ದು ಹೊಸದು. 1865ರಲ್ಲೇ ಬೆಡ್‌ಫರ್ಡ್‌ಶೈರ್‌ನ ಸೌತ್‌ಹಿಲ್‌ನಲ್ಲಿ ದಾಖಲಾದ ಮೊದಲ ಫೀಲ್ಡ್ ಟ್ರಯಲ್ ನಡೆದದ್ದು. ಅದು ಪಾಯಿಂಟರ್, ಸೆಟರ್‌ಗಳದು. ರಿಟ್ರೀವರ್‌ಗಳ ಸ್ಪರ್ಧೆ ಬಂದದ್ದು ಆಮೇಲೆ.

ಅಕ್ಕ ಪ್ರತಿಮೆ ಜೊತೆ ಸೆಲ್ಫಿ ತೆಗೆದುಕೊಂಡಳು. ಅವಳ ಮಟ್ಟಿಗೆ ಪ್ರವಾಸದ ಅತ್ಯುತ್ತಮ ದಿನ ಇದೇ.

ಸೋಮವಾರ

ಬೆಳಗ್ಗೆ ವಿದಾಯ ಹೇಳಲು ಹೋದರೆ ಟೆಸ್‌ಳ ಬಾಲ ಬುಡದಲ್ಲಿ ಸ್ವಲ್ಪ ಎದ್ದು, ಆಮೇಲೆ ಸೋತು ನೇತಾಡುತ್ತಿತ್ತು. ಮುರಿದಿದೆ ಅಂದುಕೊಂಡೆ. ಚಳಿ ಮತ್ತು ಒದ್ದೆಯಲ್ಲಿ ಜಾಸ್ತಿ ದುಡಿದ ಲ್ಯಾಬ್‌ಗಳಿಗೆ ಹೀಗಾಗುತ್ತದಂತೆ, ಕೋಲ್ಡ್ ಟೇಲ್. ನೋವಿರುತ್ತದೆ, ಸಾಮಾನ್ಯವಾಗಿ ಕೆಲವು ದಿನಗಳ ವಿಶ್ರಾಂತಿಯಲ್ಲಿ ಸರಿಹೋಗುತ್ತದೆ. ಬಾಲದ ಮಾತು ಬಂದಾಗ ಇನ್ನೊಂದು ವಿಷಯ ತಿಳಿಯಿತು. ಸ್ಕಾಟ್ಲೆಂಡಿನಲ್ಲಿ ನಾಯಿಬಾಲ ಕತ್ತರಿಸುವುದಕ್ಕೆ ಪೂರ್ತಿ ನಿಷೇಧ ಇತ್ತು. ಕೆಲಸ ಮಾಡುವ ಸ್ಪ್ಯಾನಿಯಲ್‌ಗಳ ಬಾಲದ ತುದಿ ಮುಳ್ಳಿಗೆ ಹರಿದು ಗಾಯವಾಗುತ್ತದೆ ಅಂತ 2017ರಲ್ಲಿ ಸಡಿಲಿಸಿದರು. ಸ್ಪ್ಯಾನಿಯಲ್‌ಗಳಿಗೂ, ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್‌ನಂಥ ಹುಡುಕಿ-ತೋರಿಸಿ-ತರುವ ಮೂರೂ ಕೆಲಸದ ನಾಯಿಗಳಿಗೂ ಮಾತ್ರ. ಮರಿ ಹುಟ್ಟಿ ಐದು ದಿನದೊಳಗೆ, ಪಶುವೈದ್ಯರ ಕೈಯಿಂದ, ತುದಿಯ ಮೂರನೇ ಒಂದು ಭಾಗ ಮೀರದ ಹಾಗೆ. ಲ್ಯಾಬ್‌ಗೆ ಅನ್ವಯಿಸುವುದಿಲ್ಲ. ಪಿಪ್‌ನ ಬಾಲ ಪೂರ್ತಿ ಇತ್ತು. ತುದಿಯಲ್ಲಿ ಕೂದಲಿಲ್ಲದ ಹಳೆಯ ಗಾಯದ ಕಲೆಯೂ ಇತ್ತು. ಯಾರು ಸರಿ ಅಂತ ಆ ಬಾಲ ನೋಡಿ ತೀರ್ಮಾನಿಸುವುದು ಕಷ್ಟ.

ರಕ್ತ ಬೇಡ, ನಾಯಿಗಳ ಕೆಲಸ ಮಾತ್ರ ನೋಡಬೇಕು ಅನ್ನುವವರು ಜುಲೈ ಆರಂಭದಲ್ಲಿ ಪರ್ತ್ ಪಕ್ಕದ ಸ್ಕೋನ್ ಪ್ಯಾಲೆಸ್‌ನಲ್ಲಿ ನಡೆಯುವ ಸ್ಕಾಟಿಷ್ ಗೇಮ್ ಫೇರ್‌ಗೆ ಹೋಗಿ. ಅಲ್ಲಿ ಎಲ್ಲ ಡಮ್ಮಿಗಳೇ. ಎಸ್ಟೇಟಿಗೇ ಹೋಗುವುದಾದರೆ ಗೊತ್ತಿದ್ದವರ ಜೊತೆಗೇ ಹೋಗಬೇಕು. ಮಬ್ಬು ಬಣ್ಣದ ಬಟ್ಟೆ, ನೀರು ಒಳಬಾರದ ಬೂಟು ಬೇಕು. ಬೆಟ್ಟದಿಂದ ಬಂದಮೇಲೆ ಮಂಡಿಯ ಹಿಂಭಾಗದಲ್ಲಿ ಉಣ್ಣಿ ಕಚ್ಚಿಕೊಂಡಿದೆಯಾ ನೋಡಿಕೊಳ್ಳಿ. ಡ್ರೈವ್ ನಡೆಯುವಾಗ ಯಾರ ನಾಯಿಯನ್ನೂ ಕರೆಯಬೇಡಿ, ಮುಟ್ಟಬೇಡಿ, ತಿನ್ನಲು ಕೊಡಬೇಡಿ. ಕೊನೆಯದನ್ನು ಟೀಚರ್ ನನಗೆ ಹೇಳಿದ್ದು ಪಿಪ್ ನನ್ನ ಜೇಬಿನೊಳಗೆ ಮೂತಿ ತೂರಿಸಿದ್ದಾಗ.